ಮಲಗುವ ಮಕ್ಕಳಿಗೆ ತಾಯಿಯ ಹಾಡು



ಈ ಸ್ಮರಣ ಸಂಚಿಕೆಗಾಗಿ ಗೃಹಜೀವನಕ್ಕೆ ಸಂಬಂಧಪಟ್ಟ ಒಂದು ಪಾಠವನ್ನು ಬರೆದುಕೊಡಬೇಕೆಂದು ಸಂಚಿಕೆಯ ಮಂಡಳಿಯವರು ನನ್ನನ್ನು ಕೇಳಿಕೊಂಡರು. ಅಡಿಗೆ, ಹೊಲಿಗೆ, ಆರೋಗ್ಯ ಮುಂತಾದ ವಿಷಯಗಳನ್ನು ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮ ಶಿಕ್ಷಕಿಯರಲ್ಲಿ ಅನೇಕರಿದ್ದಾರೆ. ಆದದರಿಂದ ನಾನು ಬಹು ಚಿಕ್ಕದಾಗಿ ತೋರುವ ಒಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ಯಾವದೆಂದರೆ, ರಾತ್ರಿಯಲ್ಲಿ ಮಕ್ಕಳನ್ನು ಮಲಗಿಸುವಾಗ ಅವರಿಗೆ ಹಾಡುವದು.

ಇದನ್ನು ಆರಿಸಿಕೊಳ್ಳುವದಕ್ಕೆ ಒಂದು ಕಾರಣವುಂಟು. ಕಳೆದ ವರ್ಷ ಎಂಟನೆಯ ತರಗತಿಯ ಕನ್ನಡ ಪಾಠದಲ್ಲಿ, ಪ್ರತಿಯೊಬ್ಬಳೂ ತಾನು ಚಿಕ್ಕವಳಾಗಿದ್ದಾಗ ಮನೆಯಲ್ಲಿ ಕೇಳಿದ ಒಂದು ಜೋಗುಳವನ್ನು ಬರೆದುಕೊಂಡು ಬರಬೇಕೆಂದು ಹೇಳಿದ್ದೆನು. ಕೆಲವರು ಅಜ್ಜಿಯಿಂದ ಕೇಳಿದ ನಾಲ್ಕು ಸಾಲುಗಳನ್ನು ಬರೆದು ತಂದರು. ಬಹಳ ಮಂದಿ ದೂರವಾಣಿಯ ಪರದೆಯ ಮೇಲೆ ಕಂಡ ಇಂಗ್ಲಿಷ್ ಹಾಡುಗಳ ಹೆಸರುಗಳನ್ನು ಬರೆದರು. ಮೂರು ನಾಲ್ಕು ಹುಡುಗಿಯರು ಬರಿಯ ಹಾಳೆಯನ್ನೇ ಮುಂದಿಟ್ಟು, "ನಮ್ಮ ಮನೆಯಲ್ಲಿ ಯಾರೂ ಹಾಡುವದಿಲ್ಲ, ಅಕ್ಕನವರೇ" ಎಂದರು. ಆ ಬರಿಯ ಹಾಳೆಗಳೇ ನನ್ನಿಂದ ಈ ಪಾಠವನ್ನು ಬರೆಯಿಸಿದವು.

೧. ಜೋಗುಳವು ಎಷ್ಟು ಹಳೆಯದು?

ಮನುಷ್ಯನು ಬರೆಯಲು ಕಲಿಯುವದಕ್ಕಿಂತ ಮುಂಚೆಯೇ ತಾಯಂದಿರು ಹಾಡುತ್ತಿದ್ದಿರಬೇಕು. ಬಾಬೆಲಿನ ದೇಶದಲ್ಲಿ ಸುಮಾರು ೪,೦೦೦ ವರ್ಷಗಳ ಹಿಂದೆ ಮಣ್ಣಿನ ಹಲಗೆಯ ಮೇಲೆ ಕೊರೆದ ಒಂದು ಜೋಗುಳವು ದೊರಕಿದೆ. ಅರಸರ ಜಯಗಳನ್ನೂ ಧಾನ್ಯದ ಲೆಕ್ಕಗಳನ್ನೂ ಬರೆದಿಡುತ್ತಿದ್ದ ಆ ಜನರು, ಅಳುವ ಶಿಶುವನ್ನು ಸಂತೈಸುವ ಮಾತುಗಳೂ ಬರೆದಿಡತಕ್ಕವುಗಳೆಂದು ತಿಳಿದರು.

ನಮ್ಮ ನೆರೆಹೊರೆಯ ಭಾಷೆಗಳಲ್ಲೆಲ್ಲಾ ಈ ಹಾಡಿಗೆ ಹೆಸರುಂಟು. ತಮಿಳಿನವರು ಇದನ್ನು ತಾಲಾಟ್ಟು ಎನ್ನುತ್ತಾರೆ. ನಾಲಿಗೆಯನ್ನು ಆಡಿಸುವದೆಂದು ಅದರ ಅರ್ಥ. ಮಲೆಯಾಳದಲ್ಲಿ ಇರಯಿಮ್ಮನ್ ತಂಪಿ ಎಂಬ ಕವಿಯು, ೧೮೧೩ರಲ್ಲಿ ಹುಟ್ಟಿದ ಸ್ವಾತಿ ತಿರುನಾಳ್ ಮಹಾರಾಜನಿಗಾಗಿ ರಚಿಸಿದ ತೊಟ್ಟಿಲ ಹಾಡನ್ನು ಇಂದಿಗೂ ಆ ನಾಡಿನ ತಾಯಂದಿರು ಹಾಡುತ್ತಾರೆ. ರಾಜಪುತ್ರನಿಗಾಗಿ ಹುಟ್ಟಿದ ಹಾಡು ಬಡವರ ಗುಡಿಸಲಿನಲ್ಲಿಯೂ ನೆಲೆಸಿತು.

೨. ನಮ್ಮ ನಾಡಿನ ತೊಟ್ಟಿಲು

ಕನ್ನಡನಾಡಿನವರಾದ ನಾವು ಈ ವಿಷಯದಲ್ಲಿ ಬಡವರಲ್ಲ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲನ್ನು ಅರಿಯದವರಾರು? ಸಾಗವಾನಿ ಮರದಿಂದ ಮಾಡಿ, ಅರಗಿನ ಬಣ್ಣಗಳಿಂದ ಚಿತ್ರಗಳನ್ನು ಬರೆದ ಆ ತೊಟ್ಟಿಲು ಒಂದು ಮನೆಯಲ್ಲಿ ಮೂರು ತಲೆಮಾರುಗಳನ್ನು ತೂಗಬಲ್ಲದು. ಅದನ್ನು ಕೊಳ್ಳುವ ಶಕ್ತಿಯಿಲ್ಲದ ಕೂಲಿಯ ತಾಯಿಯು ಹೊಲದ ಬದುವಿನ ಮರಕ್ಕೆ ಹಳೆಯ ಸೀರೆಯ ಜೋಲಿಯನ್ನು ಕಟ್ಟಿ, ಕಳೆ ಕೀಳುತ್ತಲೇ ದೂರದಿಂದ ದನಿಯನ್ನು ಕಳುಹಿಸುತ್ತಾಳೆ. ತೊಟ್ಟಿಲುಗಳಲ್ಲಿ ಬಡತನ ಸಿರಿತನಗಳ ಭೇದವುಂಟು, ಜೋಗುಳದಲ್ಲಿ ಅದಿಲ್ಲ.

ನಮ್ಮ ಹಳ್ಳಿಯ ಹೆಂಗಸರು ತೊಟ್ಟಿಲ ಬಳಿಯಲ್ಲಿಯೂ ಬೀಸುವ ಕಲ್ಲಿನ ಮುಂದೆಯೂ ಹಾಡಿದ ಹಾಡುಗಳು ಬಹಳ ಮಟ್ಟಿಗೆ ತ್ರಿಪದಿಯೆಂಬ ಮೂರು ಸಾಲಿನ ಛಂದಸ್ಸಿನಲ್ಲಿವೆ. ಈ ತ್ರಿಪದಿಯು ಬಾದಾಮಿಯ ಬಂಡೆಯ ಮೇಲೆ, ಸುಮಾರು ಕ್ರಿ. ಶ. ೭೦೦ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಾಣುತ್ತದೆ. ಅಕ್ಷರವನ್ನೇ ಅರಿಯದ ನಮ್ಮ ಮುತ್ತಜ್ಜಿಯರು ಸುಮಾರು ಸಾವಿರದ ಮುನ್ನೂರು ವರ್ಷಗಳ ಛಂದಸ್ಸನ್ನು ಬಾಯಿಂದ ಬಾಯಿಗೆ ಕಾಪಾಡಿ ತಂದರೆಂಬದು ಎಷ್ಟು ದೊಡ್ಡ ಸಂಗತಿ! ವಿಜಯಪುರ ಸೀಮೆಯ ಹಲಸಂಗಿಯ ಗೆಳೆಯರು ಈ ಹಾಡುಗಳನ್ನು ಕೇಳಿ ಬರೆದುಕೊಂಡು, ೧೯೩೧ರಲ್ಲಿ "ಗರತಿಯ ಹಾಡು" ಎಂಬ ಪುಸ್ತಕವನ್ನು ಪ್ರಕಟಿಸಿದಾಗ, ಹೆಂಗಸರ ಬಾಯಿಯ ಹಾಡೂ ಸಾಹಿತ್ಯವೇ ಎಂದು ಓದಿದವರು ಒಪ್ಪಿಕೊಂಡರು. ಅದಕ್ಕೂ ಬಹಳ ಮುಂಚೆ ಪುರಂದರದಾಸರು ಬಾಲಕೃಷ್ಣನಿಗಾಗಿ ಜೋಗುಳಗಳನ್ನು ಹಾಡಿದ್ದರು. ಶಾಸ್ತ್ರೀಯ ಸಂಗೀತವನ್ನು ಬಲ್ಲವರು ನೀಲಾಂಬರಿ ರಾಗವನ್ನು ತೊಟ್ಟಿಲಿಗೆಂದೇ ಮೀಸಲಿಟ್ಟಂತೆ ಹಾಡುತ್ತಾರೆ.

೩. ಸತ್ಯವೇದದಲ್ಲಿಯೂ ಸಭೆಯಲ್ಲಿಯೂ

ಸತ್ಯವೇದವನ್ನು ಓದುವವರು ಮೋಶೆಯ ತಾಯಿಯನ್ನು ಮರೆಯಲಾರರು. ಫರೋಹನ ಮಗಳು ಆ ಕೂಸನ್ನು ನೀರಿನಿಂದ ಎತ್ತಿಸಿ, ಅದನ್ನು ಸಾಕುವದಕ್ಕೆ ಹೆತ್ತ ತಾಯಿಯ ಕೈಗೇ, ಆಕೆಯು ತಾಯಿಯೆಂದು ಅರಿಯದೆ, ಕೊಟ್ಟಳು. ಆ ತಾಯಿಗೆ ದೊರಕಿದ್ದು ಕೆಲವೇ ವರ್ಷಗಳು. ಆಮೇಲೆ ಮಗನು ಅರಮನೆಯವನಾದನು; ಅಲ್ಲಿಯ ವಿದ್ಯೆಯನ್ನೆಲ್ಲಾ ಕಲಿತನು. ಆದರೂ ದೊಡ್ಡವನಾದ ಮೇಲೆ, ಇಟ್ಟಿಗೆ ಹೊರುವ ದಾಸರನ್ನು ನೋಡಿ ಅವರನ್ನು ತನ್ನ ಜನರೆಂದು ತಿಳಿದನು. ಆಕೆಯು ಹಾಡಿದಳೆಂದು ವೇದವು ಹೇಳುವದಿಲ್ಲ. ಆದರೆ ಎದೆಹಾಲಿನ ಆ ಕೆಲವು ವರ್ಷಗಳಲ್ಲಿ ಕಿವಿಗೆ ಬಿದ್ದದ್ದನ್ನು ಅರಮನೆಯು ಅಳಿಸಲಾರದೆ ಹೋಯಿತೆಂದು ನಾವು ತಿಳಿಯಬಹುದು. ತಿಮೊಥೆಯ ಅಜ್ಜಿಯಾದ ಲೋವಿಯನ್ನೂ ತಾಯಿಯಾದ ಯೂನಿಕೆಯನ್ನೂ ಅಪೊಸ್ತಲನಾದ ಪೌಲನು ಹೆಸರು ಹಿಡಿದು ನೆನಸುವದರ ಕಾರಣವೂ ಇದೇ. ಅವನ ನಂಬಿಕೆಯು ಮನೆಯಲ್ಲಿ ಮೊಳೆಯಿತು. ಚೆಫನ್ಯ ಪ್ರವಾದಿಯ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ದೇವರೇ ತನ್ನ ಜನರ ವಿಷಯದಲ್ಲಿ ಹಾಡುತ್ತಾ ಹರ್ಷಿಸುವನೆಂದು ಬರೆದಿದೆ. ದೇವರಿಗೆ ಹಾಡತಕ್ಕವರು ನಾವೆಂದು ಎಣಿಸುತ್ತೇವೆ. ನಮಗಾಗಿ ಹಾಡುವ ದೇವರನ್ನು ಪ್ರವಾದಿಯು ತೋರಿಸುತ್ತಾನೆ.

ಸಭೆಯ ಚರಿತ್ರೆಯಲ್ಲಿಯೂ ತೊಟ್ಟಿಲಿಗೆ ಸ್ಥಳವುಂಟು. ಮಾರ್ಟಿನ್ ಲೂಥರನು ತನ್ನ ಸ್ವಂತ ಮಕ್ಕಳಿಗಾಗಿ ಬರೆದ ಕ್ರಿಸ್ತಜಯಂತಿಯ ಸಂಗೀತವು ೧೫೩೫ರಲ್ಲಿ ಅಚ್ಚಾಯಿತು. ಆಸ್ಟ್ರಿಯ ದೇಶದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ ೧೮೧೮ರ ಕ್ರಿಸ್ತಜಯಂತಿಯ ರಾತ್ರಿ ಮೊದಲು ಹಾಡಿದ, ಯೋಸೆಫ್ ಮೋರ್ ಎಂಬ ಬೋಧಕನು ಬರೆದು, ಫ್ರಾಂಟ್ಸ್ ಗ್ರೂಬರ್ ಎಂಬ ಶಾಲಾ ಉಪಾಧ್ಯಾಯನು ರಾಗವನ್ನು ಹಾಕಿದ ಸಂಗೀತವನ್ನು ಇಂದು ಲೋಕವೆಲ್ಲಾ ಹಾಡುತ್ತದೆ. ಅದರ ರಾಗವು ತೊಟ್ಟಿಲನ್ನು ತೂಗುವ ನಡೆಯಲ್ಲಿಯೇ ಇದೆಯೆಂಬದನ್ನು ಮೆಲ್ಲನೆ ಹಾಡಿ ನೋಡಿದರೆ ಯಾರಾದರೂ ಅರಿತುಕೊಳ್ಳಬಹುದು. ನಮ್ಮ ದೇಶಕ್ಕೆ ಬಂದ ಮಿಶನರಿಗಳು ತಮ್ಮ ನಾಡಿನ ರಾಗಗಳನ್ನು ತಂದರು. ಅವುಗಳನ್ನು ನಾವು ಪ್ರೀತಿಯಿಂದ ಹಾಡುತ್ತೇವೆ. ಆದರೆ ೧೮೫೩ರಲ್ಲಿ ಬಂದ ಫೆರ್ಡಿನಾಂಡ್ ಕಿಟ್ಟೆಲ್ ಪಂಡಿತರು, ಯೇಸುಸ್ವಾಮಿಯ ಚರಿತ್ರೆಯನ್ನು ಕನ್ನಡಿಗರದೇ ಛಂದಸ್ಸಿನಲ್ಲಿ "ಕಥಾಮಾಲೆ" ಎಂಬ ಹೆಸರಿನಿಂದ ೧೮೬೨ರಲ್ಲಿ ಪ್ರಕಟಿಸಿದರು. ಹೃದಯವನ್ನು ಮುಟ್ಟುವದಕ್ಕೆ ಮನೆಯ ಮಾತೂ ಮನೆಯ ನಡೆಯೂ ಬೇಕೆಂಬದನ್ನು ಪರದೇಶದವರಾದ ಅವರು ಕಂಡರು. ಮನೆಯವರಾದ ನಾವು ಅದನ್ನು ಮರೆಯಬಹುದೇ?

೪. ಹಾಡಿನಿಂದ ಮಗುವಿಗೆ ಆಗುವದೇನು?

ಹಿರಿಯರು ಅನುಭವದಿಂದ ಅರಿತಿದ್ದನ್ನು ಈಗ ಪಂಡಿತರು ಅಳತೆಮಾಡಿ ನೋಡಿದ್ದಾರೆ. ಅವುಗಳಲ್ಲಿ ಕೆಲವನ್ನು ಮಾತ್ರ ಇಲ್ಲಿ ಹೇಳುವೆನು.

ಅಮೇರಿಕದ ಡಿಕ್ಯಾಸ್ಪರ್, ಫೈಫರ್ ಎಂಬವರು ೧೯೮೦ರಲ್ಲಿ ಹುಟ್ಟಿ ಮೂರು ದಿನಗಳೂ ತುಂಬದ ಶಿಶುಗಳನ್ನು ಪರೀಕ್ಷಿಸಿದರು. ಚೀಪುವ ರಬ್ಬರಿನ ತೊಟ್ಟನ್ನು ಒಂದು ಬಗೆಯಲ್ಲಿ ಚೀಪಿದರೆ ಸ್ವಂತ ತಾಯಿಯ ದನಿ, ಮತ್ತೊಂದು ಬಗೆಯಲ್ಲಿ ಚೀಪಿದರೆ ಬೇರೊಬ್ಬಳ ದನಿ ಕೇಳುವಂತೆ ಏರ್ಪಡಿಸಿದ್ದರು. ಶಿಶುಗಳು ತಾಯಿಯ ದನಿಯನ್ನು ತರುವಂತೆ ಚೀಪಲು ಕಲಿತವು. ಗರ್ಭದಲ್ಲಿದ್ದಾಗಲೇ ಮಗುವು ಆ ದನಿಯನ್ನು ಕೇಳುತ್ತಿತ್ತು. ತಾಯಂದಿರೇ, ನಿಮ್ಮ ದನಿಯು ಇಂಪಾಗಿದೆಯೋ ಇಲ್ಲವೋ ಎಂದು ನಿಮ್ಮ ಮಗುವು ವಿಚಾರಿಸುವದಿಲ್ಲ. ಅದು ನಿಮ್ಮದೋ ಅಲ್ಲವೋ ಎಂದು ಮಾತ್ರ ವಿಚಾರಿಸುತ್ತದೆ.

ದಿನ ತುಂಬದೆ ಹುಟ್ಟಿದ ೨೭೨ ಶಿಶುಗಳನ್ನು ಅಮೇರಿಕದ ೧೧ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ವರದಿಯು ೨೦೧೩ರಲ್ಲಿ ಹೊರಟಿತು. ತಂದೆತಾಯಿಗಳು ತಮಗೆ ಪ್ರಿಯವಾದ ಹಾಡನ್ನೇ ಆರಿಸಿಕೊಂಡು, ಅದನ್ನು ಜೋಗುಳದ ನಡೆಗೆ ತಂದು ಹಾಡಿಸಿದಾಗ ಶಿಶುಗಳ ಹೃದಯದ ಬಡಿತವು ಶಾಂತವಾಯಿತು. ತಂದೆತಾಯಿಗಳ ಕಳವಳವೂ ಕಡಿಮೆಯಾಯಿತು. ಕೆನಡದ ಮಾಂಟ್ರಿಯಲ್ ನಗರದ ಪಂಡಿತರು ೨೦೧೬ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ, ಆರರಿಂದ ಒಂಬತ್ತು ತಿಂಗಳ ಕೂಸುಗಳು ಬರಿಯ ಮಾತನ್ನು ಕೇಳುತ್ತಾ ಸುಮಾರು ೪ ನಿಮಿಷ ಸಮಾಧಾನವಾಗಿದ್ದವು. ಹಾಡನ್ನು ಕೇಳುತ್ತಾ ಸುಮಾರು ೯ ನಿಮಿಷ ಇದ್ದವು.

ಇಲ್ಲಿ ಒಂದು ಪ್ರಶ್ನೆಯು ಹುಟ್ಟುತ್ತದೆ. ಆ ಕೂಸುಗಳು ಕೇಳಿದ್ದು ಯಂತ್ರದಲ್ಲಿ ತುಂಬಿಟ್ಟ ದನಿಯನ್ನು. ಹಾಗಾದರೆ ದೂರವಾಣಿಯನ್ನು ತೊಟ್ಟಿಲ ಬಳಿಯಲ್ಲಿಟ್ಟರೆ ಸಾಲದೇ? ಯಂತ್ರದ ಹಾಡೂ ಮಗುವನ್ನು ಸುಮ್ಮನಿರಿಸಬಲ್ಲದು, ಇದನ್ನು ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಆದರೆ ಯಂತ್ರಕ್ಕೆ ಕಣ್ಣಿಲ್ಲ. ಮಗುವಿನ ರೆಪ್ಪೆಯು ಭಾರವಾದಾಗ ತಾಯಿಯು ದನಿಯನ್ನು ತಗ್ಗಿಸುತ್ತಾಳೆ. ಅದು ಬೆಚ್ಚಿದರೆ ಹಿಂದಿನ ಸಾಲನ್ನೇ ಮತ್ತೆ ಹಿಡಿಯುತ್ತಾಳೆ. ಹೊಟ್ಟೆ ನೋಯುತ್ತಿದ್ದರೆ ಹಾಡನ್ನು ಬಿಟ್ಟು ಎತ್ತಿಕೊಳ್ಳುತ್ತಾಳೆ. ಟೊರಾಂಟೊ ವಿಶ್ವವಿದ್ಯಾಲಯದ ಸ್ಯಾಂಡ್ರಾ ಟ್ರೆಹಬ್ ಎಂಬ ಪಂಡಿತೆಯು, ಒಂದೇ ಹಾಡನ್ನು ಮಗುವಿನ ಮುಂದೆಯೂ ಮಗುವಿಲ್ಲದೆಯೂ ತಂದೆತಾಯಿಗಳಿಂದ ಹಾಡಿಸಿ, ಇತರರಿಗೆ ಕೇಳಿಸಿದಳು. ಮಗುವಿನ ಮುಂದೆ ಹಾಡಿದ್ದು ಯಾವದೆಂದು ಕೇಳಿದವರು ಗುರುತಿಸಿದರು. ಮಗುವನ್ನು ನೋಡುತ್ತಾ ಹಾಡುವ ದನಿಯೇ ಬೇರೆ.

ಪರದೆಯ ವಿಷಯದಲ್ಲಿಯೂ ಎಚ್ಚರಿಕೆಯು ಬೇಕು. ವಿಶ್ವ ಆರೋಗ್ಯ ಸಂಸ್ಥೆಯವರು ೨೦೧೯ರಲ್ಲಿ ಕೊಟ್ಟ ಸೂಚನೆಯಂತೆ, ಒಂದು ವರ್ಷದ ಮಗುವಿನ ತನಕ ಪರದೆಯು ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಾಗಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಒಂದೆರಡು ವರ್ಷದ ಮಗುವಿಗೆ ದಿನದಲ್ಲಿ ೧೧ರಿಂದ ೧೪ ಗಂಟೆಗಳ ನಿದ್ರೆಯೂ, ಮೂರು ನಾಲ್ಕು ವರ್ಷದವರಿಗೆ ೧೦ರಿಂದ ೧೩ ಗಂಟೆಗಳ ನಿದ್ರೆಯೂ ಬೇಕೆಂದು ಅವರೇ ಹೇಳುತ್ತಾರೆ.

೫. "ನನಗೆ ಹಾಡಲು ಬಾರದು"

ಈ ಮಾತನ್ನು ನಾನು ಎಷ್ಟೋ ತಾಯಂದಿರ ಬಾಯಿಂದ ಕೇಳಿದ್ದೇನೆ. ಇದನ್ನು ಅವರಿಗೆ ಕಲಿಸಿದವರಾರು? ಈ ಪ್ರಶ್ನೆಗೆ ಉತ್ತರವನ್ನು ಕೊಡುವಾಗ ನಾನು ನನ್ನ ತಪ್ಪನ್ನೇ ಹೇಳಬೇಕಾಗಿದೆ.

ನಾನು ಶಿಕ್ಷಣ ತರಬೇತಿಯನ್ನು ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಶಾಲೆಗಳ ನಡುವಿನ ಸಂಗೀತ ಸ್ಪರ್ಧೆಗೆ ಹುಡುಗಿಯರನ್ನು ಸಿದ್ಧಪಡಿಸುವ ಭಾರವು ನನ್ನ ಮೇಲೆ ಬಿದ್ದಿತು. ಎರಡನೆಯ ಸಾಲಿನಲ್ಲಿ ನಿಂತಿದ್ದ ಒಬ್ಬ ಹುಡುಗಿಯ ದನಿಯು ಮಿಕ್ಕವರೊಂದಿಗೆ ಕೂಡುತ್ತಿರಲಿಲ್ಲ. ಬಹುಮಾನದ ಮೇಲೆ ಕಣ್ಣಿಟ್ಟಿದ್ದ ನಾನು, ಎಲ್ಲರೆದುರಿಗೆ, "ನೀನು ಬಾಯಿಯನ್ನು ಮಾತ್ರ ಆಡಿಸು, ದನಿ ಬೇಡ" ಎಂದೆನು. ಆಕೆಯು ಹಾಗೆಯೇ ಮಾಡಿದಳು. ನಮಗೆ ಎರಡನೆಯ ಬಹುಮಾನವೂ ಬಂದಿತು. ನಾನು ಆ ಮಾತನ್ನು ಮರೆತೆನು.

ಇಪ್ಪತ್ತು ವರ್ಷಗಳಾದ ಮೇಲೆ ಆಕೆಯು ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ತನ್ನ ಎರಡು ವರ್ಷದ ಮಗನನ್ನು ಎತ್ತಿಕೊಂಡು ಬಂದಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ಮಗುವು ನಿದ್ರೆಗಾಗಿ ಹಟಮಾಡಿತು. ಆಕೆಯು ಚೀಲದಿಂದ ದೂರವಾಣಿಯನ್ನು ತೆಗೆದು ಅದರ ಕೈಗೆ ಕೊಟ್ಟಳು. "ಒಂದು ಹಾಡು ಹಾಡಬಾರದೇನಮ್ಮಾ?" ಎಂದು ನಾನು ಕೇಳಿದೆನು. ಆಕೆಯು ನಕ್ಕು, ಸ್ವಲ್ಪವೂ ಸಿಟ್ಟಿಲ್ಲದೆ, "ನನ್ನ ದನಿ ಹಾಡುವ ದನಿಯಲ್ಲವೆಂದು ನೀವೇ ಹೇಳಿದ್ದಿರಲ್ಲಾ, ಅಕ್ಕನವರೇ" ಎಂದಳು.

ಓದುವವರೇ, ಆ ಹೊತ್ತಿನಲ್ಲಿ ನನಗಾದ ನಾಚಿಕೆಯನ್ನು ನಾನು ಮುಚ್ಚಿಡುವದಿಲ್ಲ. ಒಂದು ಬಹುಮಾನದ ಬಟ್ಟಲಿಗಾಗಿ ನಾನು ಒಂದು ತೊಟ್ಟಿಲನ್ನು ಮೂಕವಾಗಿ ಮಾಡಿದ್ದೆನು. ಈಗ ಯೋಚಿಸಿದರೆ ಆಕೆಯ ದನಿಯಲ್ಲಿ ದೋಷವಿರಲಿಲ್ಲ. ಆಕೆಯದು ತಗ್ಗು ದನಿ; ಹಾರ್ಮೋನಿಯಂನ ಶ್ರುತಿಯನ್ನು ನಾನು ಮಿಕ್ಕವರಿಗೆ ಹೊಂದುವಂತೆ ಎತ್ತರದಲ್ಲಿ ಹಿಡಿದಿದ್ದೆನು. ಎರಡು ಸ್ವರ ಕೆಳಗಿಳಿಸಿದ್ದರೆ ಆಕೆಯೂ ಕೂಡಿ ಹಾಡುತ್ತಿದ್ದಳು. ತರಬೇತಿಯನ್ನು ಹೊಂದಿದ ನನಗೆ ಇದು ತಿಳಿದಿರಬೇಕಾಗಿತ್ತು.

ನಾನು ಆಕೆಯ ಕೈಹಿಡಿದು ಕ್ಷಮೆ ಬೇಡಿದೆನು. ಆಮೇಲೆ ನಾವಿಬ್ಬರೂ ಜಗಲಿಯ ಬೆಂಚಿನ ಮೇಲೆ ಕುಳಿತು, ಪ್ರಾರ್ಥನೆಯ ವೇಳೆಯಲ್ಲಿ ಹಾಡುತ್ತಿದ್ದ ಒಂದು ಸಂಜೆಯ ಸಂಗೀತವನ್ನು ತಗ್ಗಿದ ಶ್ರುತಿಯಲ್ಲಿ ಹಾಡಿದೆವು. ಮಗುವು ಕೂಡಲೇ ಮಲಗಿತೆಂದು ನಾನು ಹೇಳಲಾರೆನು; ಮಲಗಲಿಲ್ಲ. ಆದರೆ ಅದು ದೂರವಾಣಿಯನ್ನು ಮಡಿಲಿನಲ್ಲಿ ಬಿಟ್ಟು, ತನ್ನ ಅಂಗೈಯನ್ನು ತಾಯಿಯ ಕೊರಳಿನ ಮೇಲಿಟ್ಟು ಅವಳ ಮುಖವನ್ನೇ ನೋಡುತ್ತಾ ಕುಳಿತಿತು. ಅಂದಿನಿಂದ ನಮ್ಮ ಬೆಳಗಿನ ಪ್ರಾರ್ಥನೆಯಲ್ಲಿ ಯಾವ ಹುಡುಗಿಗೂ ಸುಮ್ಮನಿರೆಂದು ಹೇಳಕೂಡದೆಂಬ ನಿಯಮವಾಗಿದೆ.

ಹಾಡದಿರುವ ತಾಯಂದಿರನ್ನೆಲ್ಲಾ ಹಳಿಯುವದು ನನ್ನ ಉದ್ದೇಶವಲ್ಲ. ದಿನವೆಲ್ಲಾ ದುಡಿದು ದಣಿದವರಿದ್ದಾರೆ. ಹೆರಿಗೆಯಾದ ಮೇಲೆ ಕೆಲವರಿಗೆ ಬಿಡದ ದುಃಖವು ಕವಿಯುತ್ತದೆ. ಅದು ದುರ್ಗುಣವಲ್ಲ, ರೋಗ. ಅಂಥವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗತಕ್ಕದ್ದು. ಇಂಗ್ಲೆಂಡಿನಲ್ಲಿ ಇಂಥ ೧೩೪ ತಾಯಂದಿರನ್ನು ಹತ್ತು ವಾರಗಳ ವರೆಗೆ ಪರೀಕ್ಷಿಸಿ ೨೦೧೮ರಲ್ಲಿ ಪ್ರಕಟಿಸಿದ ವರದಿಯಂತೆ, ದುಃಖವು ಹೆಚ್ಚಾಗಿದ್ದವರಲ್ಲಿ ಮಕ್ಕಳೊಂದಿಗೆ ಗುಂಪಾಗಿ ಕೂಡಿ ಹಾಡಿದವರು, ಎಂದಿನ ಆರೈಕೆಯನ್ನು ಮಾತ್ರ ಹೊಂದಿದವರಿಗಿಂತ ಬೇಗನೆ ಚೇತರಿಸಿಕೊಂಡರು. ಹಾಡು ಕೇಳುವವನಿಗೆ ಮಾತ್ರವಲ್ಲ, ಹಾಡುವವಳಿಗೂ ಔಷಧವಾಗಬಲ್ಲದು.

೬. ಹಾಡುವ ಕ್ರಮ

ಮೊದಲನೆಯದು, ವೇಳೆಯನ್ನು ಗೊತ್ತುಮಾಡಿರಿ. ಊಟ, ಕೈಕಾಲು ತೊಳೆಯುವದು, ಪ್ರಾರ್ಥನೆ, ಆಮೇಲೆ ಹಾಡು, ಹೀಗೆ ಪ್ರತಿ ರಾತ್ರಿಯೂ ಒಂದೇ ಅನುಕ್ರಮವಿರಲಿ. ದೀಪವನ್ನು ಮಂದಮಾಡಿ, ದೂರವಾಣಿಯನ್ನು ಕೋಣೆಯ ಹೊರಗಿಡಿರಿ.

ಎರಡನೆಯದು, ಹೊಸ ಹೊಸ ಹಾಡುಗಳನ್ನು ಹುಡುಕಬೇಡಿರಿ. ಎರಡು ಮೂರು ಹಾಡುಗಳು ಸಾಕು. ದೊಡ್ಡವರಿಗೆ ಬೇಸರವಾಗುವ ಪುನರುಕ್ತಿಯೇ ಮಗುವಿಗೆ ಧೈರ್ಯ. ನಿನ್ನೆಯ ಹಾಡು ಇಂದೂ ಬಂದರೆ, ನಿನ್ನೆಯಂತೆ ಇಂದೂ ಎಲ್ಲಾ ಕ್ಷೇಮವೆಂದು ಅದು ತಿಳಿಯುತ್ತದೆ.

ಮೂರನೆಯದು, ಮಾತನಾಡುವ ದನಿಗೆ ಹತ್ತಿರವಾದ ತಗ್ಗು ಶ್ರುತಿಯಲ್ಲಿ ಪ್ರಾರಂಭಿಸಿರಿ. ತೊಟ್ಟಿಲ ಒಂದು ತೂಗಿಗೆ ಒಂದು ಉಸಿರೆಂಬಂತೆ ನಿಧಾನವಾಗಿ ಹಾಡಿರಿ. ಎರಡು ಮೂರು ಸಾರಿ ಹಾಡಿದ ಮೇಲೆ ಮಾತುಗಳನ್ನು ಬಿಟ್ಟು ರಾಗವನ್ನು ಮಾತ್ರ ಗುನುಗಿರಿ. ಕೊನೆಗೆ ಅದನ್ನೂ ಬಿಡಿರಿ. ಹಾಡು ನಿಂತ ಕೂಡಲೇ ಎದ್ದುಹೋಗದೆ, ಸ್ವಲ್ಪ ಹೊತ್ತು ಬಳಿಯಲ್ಲಿ ಕುಳಿತಿರಿ.

ನಾಲ್ಕನೆಯದು, ಹೆದರಿಸಿ ಮಲಗಿಸಬೇಡಿರಿ. ಗುಮ್ಮನು ಬರುತ್ತಾನೆ, ಕಳ್ಳನು ಬರುತ್ತಾನೆ ಎಂದು ಹೇಳಿದರೆ ಮಗುವು ಕಣ್ಣು ಮುಚ್ಚಬಹುದು, ಆದರೆ ಮನಸ್ಸು ಮಲಗುವದಿಲ್ಲ. ಅದರ ಬದಲಾಗಿ ಹಾಡಿನಲ್ಲಿ ಮಗುವಿನ ಹೆಸರನ್ನು ಸೇರಿಸಿರಿ. ಅಜ್ಜ ಅಜ್ಜಿಯರನ್ನೂ, ಮನೆಯ ಆಕಳನ್ನೂ, ಅಂಗಳದ ಮಲ್ಲಿಗೆಯನ್ನೂ ಸೇರಿಸಿರಿ. ಛಂದಸ್ಸು ತಪ್ಪಿದರೆ ಚಿಂತೆಯಿಲ್ಲ.

ಐದನೆಯದು, ನಿಮ್ಮ ಮನೆಯ ಮಾತಿನಲ್ಲಿ ಹಾಡಿರಿ. ಅದು ಕನ್ನಡವಾಗಲಿ, ತುಳುವಾಗಲಿ, ಕೊಂಕಣಿಯಾಗಲಿ, ಉರ್ದುವಾಗಲಿ. ಇಂಗ್ಲಿಷನ್ನು ನಾವು ಶಾಲೆಯಲ್ಲಿ ಕಲಿಸುತ್ತೇವೆ. ಆದರೆ ಅಜ್ಜಿಯ ಹಾಡನ್ನು ನಮ್ಮಿಂದ ಕಲಿಸಲಾಗದು.

ಆರನೆಯದು, ಇದು ತಾಯಿಯೊಬ್ಬಳ ಕೆಲಸವೆಂದು ತಂದೆಗಳು ತಿಳಿಯಬಾರದು. ತಂದೆಯ ಎದೆಯ ಮೇಲೆ ಮಲಗಿದ ಕೂಸು ಅವನ ದನಿಯನ್ನು ಕಿವಿಯಿಂದ ಮಾತ್ರವಲ್ಲ, ಮೈಯಿಂದಲೂ ಕೇಳುತ್ತದೆ. ಆದರೆ ಒಂದು ವರ್ಷ ತುಂಬದ ಕೂಸನ್ನು ಮಲಗಿಸಿ ಬಿಡುವಾಗ ಅಂಗಾತವಾಗಿ, ದಿಂಬಿಲ್ಲದೆ, ಗಟ್ಟಿಯಾದ ಹಾಸಿಗೆಯ ಮೇಲೆ ಮಲಗಿಸತಕ್ಕದ್ದು.

ಏಳನೆಯದು, ಮಗುವು ಶಾಲೆಗೆ ಹೋಗತೊಡಗಿತೆಂದು ಹಾಡನ್ನು ನಿಲ್ಲಿಸಬೇಡಿರಿ. ಏಳೆಂಟು ವರ್ಷದವರು ಹಗಲಲ್ಲಿ ಹೇಳದ ಮಾತನ್ನು ದೀಪವಾರಿದ ಮೇಲೆ, ಹಾಡು ಮುಗಿದ ಮೌನದಲ್ಲಿ ಹೇಳುವದುಂಟು. ಆ ಮಾತನ್ನು ಕೇಳುವದಕ್ಕೆ ನೀವು ಅಲ್ಲಿರಬೇಕು.

೭. ಮನನಕ್ಕಾಗಿ

(೧) ನಿಮ್ಮನ್ನು ಮಲಗಿಸುವಾಗ ಹಾಡುತ್ತಿದ್ದವರು ಯಾರು? ಆ ಹಾಡಿನ ಎಷ್ಟು ಸಾಲುಗಳು ನಿಮಗೆ ನೆನಪಿವೆ?

(೨) ನಿಮ್ಮ ಮಕ್ಕಳು ದೊಡ್ಡವರಾದ ಮೇಲೆ ಯಾವ ಹಾಡನ್ನು ನಿಮ್ಮದೆಂದು ನೆನಸುವರು?

(೩) ಹಾಡಬೇಡವೆಂದು ನಿಮಗೆ ಎಂದಾದರೂ ಯಾರಾದರೂ ಹೇಳಿದ್ದಾರೆಯೇ? ನೀವು ಯಾರಿಗಾದರೂ ಹಾಗೆ ಹೇಳಿದ್ದೀರಾ?

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ದಯವಿಟ್ಟು ಒಂದು ಹಾಳೆಯಲ್ಲಿ ಬರೆದು ಶಾಲೆಗೆ ಕಳುಹಿಸಿರಿ. ಅಜ್ಜಿಯು ಬದುಕಿರುವ ಮನೆಯವರು ನಾಳೆಯೆಂದು ತಡಮಾಡದೆ ಇಂದೇ ಕೇಳಿ ಬರೆದುಕೊಳ್ಳಿರಿ. ಅವುಗಳನ್ನೆಲ್ಲಾ ಒಂದು ಪುಸ್ತಕದಲ್ಲಿ ಬರೆಯಿಸಿ ನಮ್ಮ ವಾಚನಾಲಯದಲ್ಲಿಡುವೆವು. ಬರಿಯ ಹಾಳೆಯನ್ನು ತಂದ ಹುಡುಗಿಯರು ಅದನ್ನು ಓದಿ ಕಲಿಯಲಿ.

ಮೂರನೆಯ ಪ್ರಶ್ನೆಯನ್ನು ಓದಿ ಯಾರಿಗಾದರೂ ನನ್ನ ತರಗತಿಯೇ ನೆನಪಾದರೆ, ಅಂಥವರು ಈ ಪಾಠವನ್ನು ನನ್ನ ಕ್ಷಮಾಯಾಚನೆಯೆಂದು ಭಾವಿಸಬೇಕೆಂದು ಬೇಡುತ್ತೇನೆ. ನಿಮ್ಮ ದನಿಯನ್ನು ನಿಮಗೆ ಕೊಟ್ಟವಳು ನಾನಲ್ಲ. ಅದನ್ನು ತೆಗೆದುಬಿಡುವ ಅಧಿಕಾರವೂ ನನಗಿರಲಿಲ್ಲ. ಈ ರಾತ್ರಿ ದೀಪವನ್ನು ಮಂದಮಾಡಿ ಹಾಡಿರಿ. ನಾವೆಲ್ಲರೂ ನಿದ್ರಿಸುವಾಗಲೂ ಎಚ್ಚರವಾಗಿದ್ದು ಕಾಯುವ ದೇವರು ನಿಮ್ಮ ಮನೆಯನ್ನೂ ಮಕ್ಕಳನ್ನೂ ಆಶೀರ್ವದಿಸಲಿ.